ತುಂಗಭದ್ರೆಯನ್ನು ದಾಟಿ ಸಾಗುವ ಹೆದ್ದಾರಿ

ನಾಡಿನ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಶಾಸನಗಳನ್ನೂ ಅರಸುತ್ತಾರೆ. ಆ ಕೋಟೆಗೆ ಕಲ್ಲು ಸಾಗಿದ, ಆ ಊರಿಗೆ ಕಾಳುಕಡಿ ಬಂದ ದಾರಿಯ ಕಡೆಗೆ ಗಮನ ಹರಿಯುವುದು ಅಪರೂಪ. ದಾರಿಯ ಭಾಗ್ಯವೇ ಅಂಥದು. ಅದು ಚೆನ್ನಾಗಿರುವಷ್ಟು ಕಾಲ ಅದರ ನೆನಪೇ ನಮಗಾಗುವುದಿಲ್ಲ. ಕೆಟ್ಟಾಗ ಮಾತ್ರ ಕಟ್ಟಿದವರನ್ನು ನೆನೆಯುತ್ತೇವೆ. ಮದುವೆ, ಮಠದ ಜಾತ್ರೆ, ಮಕ್ಕಳ ಓದು, ಹಿರಿಯರ ಔಷಧೋಪಚಾರ ಮೊದಲಾಗಿ ನಮ್ಮ ಕುಟುಂಬಗಳ ಯಾವ ಕಾರ್ಯವೂ ಇಂದು ರಸ್ತೆಯನ್ನು ಬಿಟ್ಟು ನಡೆಯುವುದಿಲ್ಲ. ಆದುದರಿಂದ ಬೆಂಗಳೂರಿನಿಂದ ಬೆಳಗಾವಿಯವರೆಗೆ ಸುಮಾರು ಐದುನೂರು ಕಿಲೋಮೀಟರ್ ಸಾಗುವ ಹೆದ್ದಾರಿಯನ್ನು ಹಿಡಿದು, ರಸ್ತೆಯು ಹೇಗೆ ನಿರ್ಮಾಣವಾಗುತ್ತದೆ, ಅದು ನಮಗೇನು ಕೊಟ್ಟಿದೆ, ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು ಓದುಗರೊಡನೆ ನೋಡುತ್ತ ಸಾಗಬಯಸುತ್ತೇವೆ.

ಹಿರಿಯರ ಬಾಯಲ್ಲಿ ಇದು ಇಂದಿಗೂ ಪೂನಾ-ಬೆಂಗಳೂರು ರಸ್ತೆ. ದಾವಣಗೆರೆಯಲ್ಲಿ, ಹುಬ್ಬಳ್ಳಿಯಲ್ಲಿ ಊರೊಳಗಿನ ಹಳೆಯ ಭಾಗವನ್ನು ಜನರು ‘ಪಿ.ಬಿ. ರೋಡ್’ ಎಂದೇ ಕರೆಯುತ್ತಾರೆ. ಸರಕಾರದ ದಾಖಲೆಯಲ್ಲಿ ಬಹುಕಾಲ ರಾಷ್ಟ್ರೀಯ ಹೆದ್ದಾರಿ 4 ಆಗಿದ್ದುದು, 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಾಗ 48 ಆಯಿತು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತಾ ನಗರಗಳನ್ನು 5,846 ಕಿಲೋಮೀಟರ್ ಉದ್ದದ ರಸ್ತೆಯಿಂದ ಬೆಸೆದ ಸುವರ್ಣ ಚತುಷ್ಕೋನ ಯೋಜನೆ 1999ರಲ್ಲಿ ಮೊದಲಾಗಿ 2012ರಲ್ಲಿ ಪೂರ್ಣಗೊಂಡಿತು. ಆ ಯೋಜನೆಯಲ್ಲಿ ಈ ಹಳೆಯ ದಾರಿ ಅಗಲವಾಯಿತು, ಊರುಗಳ ಹೊರಗಿನಿಂದ ಬಳಸಿ ಹೋಯಿತು.

ಕಣ್ಣಿಗೆ ಕಾಣದ ರಸ್ತೆ

ತುಮಕೂರು ಸಮೀಪಿಸುತ್ತಿದ್ದಂತೆ ಕ್ಯಾತಸಂದ್ರದ ಬಳಿ ಸಿದ್ಧಗಂಗಾ ಕ್ಷೇತ್ರದ ಬೆಟ್ಟ ಕಾಣಿಸುತ್ತದೆ. 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳು ಬೆಳೆಸಿದ ಈ ಮಠದಲ್ಲಿ ಸಾವಿರಾರು ಮಕ್ಕಳಿಗೆ ಅನ್ನ ಮತ್ತು ಅಕ್ಷರದ ದಾಸೋಹ ನಡೆದಿದೆ. ಭಕ್ತರು ಕಳುಹಿಸಿದ ರಾಗಿ, ಅಕ್ಕಿ, ಬೇಳೆ ಮಠದ ಉಗ್ರಾಣವನ್ನು ಸೇರುವುದು ರಸ್ತೆಯ ಮೂಲಕವೇ. ರೈಲು ನಿಲ್ದಾಣದವರೆಗೆ ಬರುತ್ತದೆ. ಹೊಲದ ಬದುವಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಬರುವ ಶಕ್ತಿ ಇರುವುದು ರಸ್ತೆ ಸಾರಿಗೆಗೆ ಮಾತ್ರ. ಅದರ ಹಿರಿಮೆಯೆಲ್ಲ ಈ ಒಂದು ಗುಣದಲ್ಲಿ ಅಡಗಿದೆ.

ಶಿರಾ ದಾಟಿ ಚಿತ್ರದುರ್ಗದ ಕಡೆಗೆ ಸಾಗುವಾಗ ಅಲ್ಲಲ್ಲಿ ರಸ್ತೆಯನ್ನು ಅಗಲ ಮಾಡುವ, ಸೇತುವೆ ಕಟ್ಟುವ ಕಾಮಗಾರಿಗಳು ಕಣ್ಣಿಗೆ ಬೀಳುತ್ತವೆ. ಡಾಂಬರು ಹಾಕುವುದೇ ರಸ್ತೆ ಮಾಡುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಡಾಂಬರು ರಸ್ತೆಯ ಮೇಲುಹೊದಿಕೆ ಮಾತ್ರ. ಎಲ್ಲಕ್ಕೂ ಕೆಳಗೆ ನೀರು ಹನಿಸಿ, ರೋಲರಿನಿಂದ ಗಟ್ಟಿಯಾಗಿ ಅದುಮಿದ ಮಣ್ಣು. ಅದರ ಮೇಲೆ ನೀರು ಬಸಿದುಹೋಗಲು ಅನುವಾಗುವ ಗರಸು ಮತ್ತು ಜಲ್ಲಿಯ ಪದರ. ಅದರ ಮೇಲೆ ಅಳತೆಗೆ ತಕ್ಕಂತೆ ಬೆರೆಸಿದ ಜಲ್ಲಿಯ ಗಟ್ಟಿ ಪದರ. ಅನಂತರವೇ ಡಾಂಬರು ಬೆರೆತ ಪದರಗಳು. ಲಾರಿಯ ಗಾಲಿಯ ಭಾರವು ಒಂದೇ ಕಡೆ ನಾಟದಂತೆ ಪದರದಿಂದ ಪದರಕ್ಕೆ ಹರಡಿ, ಕೊನೆಗೆ ಮಣ್ಣು ತಾಳುವಷ್ಟಾಗಿ ಇಳಿಯಬೇಕು. ಇದೇ ಈ ವಿದ್ಯೆಯ ಮೂಲಸೂತ್ರ.

ಹಾಗಾದರೆ ಯಾವ ಮಣ್ಣು ಎಷ್ಟು ತಾಳೀತು? ಇದನ್ನು ತಿಳಿಯಲು ಇಂಜಿನಿಯರರು ಮಣ್ಣನ್ನು ಅಚ್ಚಿನಲ್ಲಿ ಅದುಮಿ, ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು, ಬಳಿಕ ಉಕ್ಕಿನ ಸಲಾಕೆಯನ್ನು ಒತ್ತಿ ನೋಡುತ್ತಾರೆ. ಬೇಸಗೆಯಲ್ಲಿ ಬಂಡೆಯಂತಿರುವ ಮಣ್ಣು ಮಳೆಗಾಲದಲ್ಲಿ ಹೇಗಿರುತ್ತದೆಂಬುದೇ ನಿಜವಾದ ಪರೀಕ್ಷೆ. ಸುಖಕಾಲದ ಗಟ್ಟಿತನವನ್ನು ನಂಬದೆ ಕಷ್ಟಕಾಲದಲ್ಲಿ ಉಳಿಯುವ ಬಲವನ್ನು ಅಳೆಯುವ ಈ ಕ್ರಮ ಸಂಸಾರಿಗಳಾದ ನಮಗೂ ಒಪ್ಪುವಂಥದು.

ರಸ್ತೆಗೆ ನೀರಿಗಿಂತ ದೊಡ್ಡ ವೈರಿಯಿಲ್ಲ. ಆದುದರಿಂದ ರಸ್ತೆಯ ನಡುವನ್ನು ತುಸು ಎತ್ತರಿಸಿ, ಅಂಚಿನ ಕಡೆಗೆ ಮೀಟರಿಗೆ ಸುಮಾರು ಎರಡು ಸೆಂಟಿಮೀಟರಿನಷ್ಟು ಇಳಿಜಾರು ಕೊಡುತ್ತಾರೆ. ತಿರುವು ಬಂದಲ್ಲಿ ಲೆಕ್ಕ ಬೇರೆ. ವೇಗದ ವಾಹನ ತಿರುವಿನಲ್ಲಿ ಹೊರಕ್ಕೆ ಎಳೆಯಲ್ಪಡುವುದರಿಂದ ಹೊರ ಅಂಚನ್ನು ಎತ್ತರಿಸುತ್ತಾರೆ. ಬಯಲು ಸೀಮೆಯಲ್ಲಿ ಈ ಎತ್ತರ ಮೀಟರಿಗೆ ಏಳು ಸೆಂಟಿಮೀಟರನ್ನು ಮೀರಕೂಡದು. ಈ ಬಗೆಯ ನಿಯಮಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್, 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಸಲಹೆಯ ಫಲವಾಗಿ 1934ರಲ್ಲಿ ಹುಟ್ಟಿತು.

ಎರಡು ನಾಡುಗಳ ನಡುವಿನ ಸೇತುವೆ

ಚಿತ್ರದುರ್ಗದ ಬೃಹನ್ಮಠಕ್ಕೆ, ಸಿರಿಗೆರೆಯ ತರಳಬಾಳು ಮಠಕ್ಕೆ ಹೋಗುವ ಭಕ್ತರಿಗೆ ಪರಿಚಿತವಾದ ತಿರುವುಗಳನ್ನು ಕಳೆದು, ದಾವಣಗೆರೆಯನ್ನು ಹಾಯ್ದರೆ ಹರಿಹರ. ಇಲ್ಲಿ ತುಂಗಭದ್ರೆಗೆ ಕಟ್ಟಿದ ಹಳೆಯ ಸೇತುವೆ 1868ರಲ್ಲಿ ಮುಗಿಯಿತು. ಕಲ್ಲು ಮತ್ತು ಇಟ್ಟಿಗೆಯ ಹದಿನಾಲ್ಕು ಕಮಾನುಗಳು. ಒಂದೊಂದರ ಅಗಲ ಅರವತ್ತು ಅಡಿ. ಆ ಕಾಲಕ್ಕೆ ನದಿಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಎರಡು ಕಡೆಯೂ ಒಂದೇ ಭಾಷೆ, ಒಂದೇ ಇಷ್ಟಲಿಂಗಪೂಜೆ, ಒಂದೇ ನಂಟಸ್ತಿಕೆ; ಆದರೆ ಆಡಳಿತ ಮಾತ್ರ ಬೇರೆ. 1956ರ ನವೆಂಬರ್ 1ರಂದು ನಾಡು ಒಂದಾಗುವ 88 ವರ್ಷ ಮೊದಲೇ ಈ ಸೇತುವೆ ಎರಡು ದಡಗಳನ್ನು ಬೆಸೆದಿತ್ತು. ಏಕೀಕರಣದ ಕತೆಯಲ್ಲಿ ಮುಂದಾಳುಗಳ ಹೆಸರುಗಳ ಜೊತೆಗೆ ಹೆಸರಿಲ್ಲದ ಕಲ್ಲುಕುಟಿಗರ ಈ ಕಾಯಕವನ್ನೂ ನೆನೆಯುವುದು ಉಚಿತವೆಂದು ನಮಗೆ ತೋರುತ್ತದೆ.

ನದಿ ದಾಟಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ‘ಜಲ್ಲಿ’ ಹೋಗಿ ‘ಖಡಿ’ ಬರುತ್ತದೆ. ರಾಣೆಬೆನ್ನೂರು, ಹಾವೇರಿಗಳನ್ನು ಹಾಯ್ದು ಉತ್ತರಕ್ಕೆ ಸಾಗಿದಂತೆ ಮಣ್ಣಿನ ಬಣ್ಣವೂ ಕಪ್ಪಾಗುತ್ತ ಹೋಗುತ್ತದೆ. ಹತ್ತಿ, ಜೋಳಗಳಿಗೆ ತಾಯಿಯಾದ ಎರೆಭೂಮಿ ರಸ್ತೆ ಕಟ್ಟುವವರಿಗೆ ಮಾತ್ರ ಮಲತಾಯಿ. ಮಳೆ ಬಿದ್ದರೆ ಉಬ್ಬುತ್ತದೆ. ಬೇಸಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಎಷ್ಟೇ ದಪ್ಪವಾಗಿದ್ದರೂ ಅಡಿಯ ನೆಲವೇ ಏರಿಳಿದರೆ ರಸ್ತೆ ಅಲೆಯಲೆಯಾಗದೆ ಇರಲಾರದು. ಆದುದರಿಂದ ಎರೆಮಣ್ಣನ್ನು ಸಾಕಷ್ಟು ಆಳಕ್ಕೆ ತೆಗೆದು ಗರಸು ತುಂಬುತ್ತಾರೆ, ಇಲ್ಲವೆ ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬುವ ಗುಣವನ್ನು ತಗ್ಗಿಸುತ್ತಾರೆ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಸುಗ್ಗಿಯ ದಿನಗಳಲ್ಲಿ ಆ ಮಾರುಕಟ್ಟೆಗೆ ನೆರೆಯ ಆಂಧ್ರದಿಂದಲೂ ಲಾರಿಗಳು ಬರುತ್ತವೆ. ರೈತನ ಬೆವರಿಗೆ ಬೆಲೆ ಬರಬೇಕಾದರೆ ಬೆಳೆದರೆ ಸಾಲದು, ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ತಲುಪಬೇಕು. ಆದರೆ ಒಂದು ಟ್ರಿಪ್ ಉಳಿಸುವ ಆಸೆಯಿಂದ ಲಾರಿಗೆ ಮಿತಿಮೀರಿ ಹೇರಿದರೆ ರಸ್ತೆ ನಲುಗುತ್ತದೆ. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಒಬ್ಬನ ಲಾಭದ ವೆಚ್ಚವನ್ನು ಎಲ್ಲರೂ ಗುಂಡಿಗಳ ರೂಪದಲ್ಲಿ ತೆರಬೇಕಾಗುತ್ತದೆ.

ಜನರ ಸಂಚಾರದ ಕತೆಯೂ ಹಿರಿದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಸಾರಿಗೆ ಸಂಸ್ಥೆ ಬೇರೆಯಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ತವರಿಗೆ ಹೋಗಿಬರಲು ಯಾರ ಕೈಯನ್ನೂ ನೋಡಬೇಕಾಗಿಲ್ಲವೆಂಬ ನೆಮ್ಮದಿಯ ಬೆಲೆಯನ್ನು ನಮ್ಮ ಸೋದರಿಯರೇ ಬಲ್ಲರು.

ಮೂವತ್ತು ಕಿಲೋಮೀಟರಿನ ಪಾಠ

ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರದವರೆಗಿನ ಸುಮಾರು ಮೂವತ್ತು ಕಿಲೋಮೀಟರ್ ಹೊರವರ್ತುಲ ರಸ್ತೆಯನ್ನು ಮೊದಲಿಗೆ ಎರಡೇ ಪಥಗಳಾಗಿ ಕಟ್ಟಲಾಗಿತ್ತು. ಮುಂದೆ ಅದರ ಎರಡೂ ತುದಿಗಳಲ್ಲಿ ಹೆದ್ದಾರಿ ನಾಲ್ಕು ಪಥಗಳಾದರೂ ಇದು ಹಾಗೆಯೇ ಉಳಿಯಿತು. ನಡುವೆ ವಿಭಜಕವಿರಲಿಲ್ಲ, ಮುಂದಿನ ವಾಹನವನ್ನು ಹಿಂದಿಕ್ಕಬೇಕಾದರೆ ಎದುರಿನಿಂದ ಬರುವವರ ಪಥಕ್ಕೇ ಇಳಿಯಬೇಕಾಗಿತ್ತು. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ ಮುಂಜಾನೆ, ಇಟಿಗಟ್ಟಿಯ ಬಳಿ ಟೆಂಪೋ ಮತ್ತು ಟಿಪ್ಪರ್ ಮುಖಾಮುಖಿಯಾದವು. ಗೋವೆಗೆ ಪ್ರವಾಸ ಹೊರಟಿದ್ದ ದಾವಣಗೆರೆಯ ಗೆಳತಿಯರ ತಂಡ ಅದರಲ್ಲಿತ್ತು. ಹತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಎಷ್ಟೋ ಮನೆಗಳಲ್ಲಿ ತಾಯಿಯಿಲ್ಲವಾಯಿತು. ಆ ರಸ್ತೆಯನ್ನು ಆರು ಪಥಗಳಾಗಿಸುವ ಕಾಮಗಾರಿಗೆ 2022ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು.

ಒಂದು ರೇಖೆಯನ್ನು ನಕ್ಷೆಯಲ್ಲಿ ಎಳೆಯುವಾಗ, ಒಂದು ವಿಭಜಕವನ್ನು ಇಡುವಾಗ ಅಥವಾ ಬಿಡುವಾಗ, ಮುಂದೆ ಎಂದೋ ಅಲ್ಲಿ ಹಾದುಹೋಗಲಿರುವವರ ಜೀವದ ಪ್ರಶ್ನೆ ನಿರ್ಣಯವಾಗುತ್ತಿರುತ್ತದೆ. ಹೆದ್ದಾರಿ ವಿದ್ಯೆ ಕಲ್ಲುಮಣ್ಣಿನ ವಿದ್ಯೆ ಮಾತ್ರವಲ್ಲ. ಕಾಣದ ಪಯಣಿಗರ ಮೇಲಿನ ಕಾಳಜಿಯ ವಿದ್ಯೆ.

ಆದರೆ ಅಗಲವಾದ ರಸ್ತೆಯೇ ಸುರಕ್ಷಿತವಾದ ರಸ್ತೆಯಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸಾಗುವ ಚಾಲಕನಿಗೆ ಅಡ್ಡ ಬಂದುದನ್ನು ಕಂಡು ಬ್ರೇಕ್ ಒತ್ತಲು ಎರಡೂವರೆ ಸೆಕೆಂಡು ಬೇಕೆಂದು ಇಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲಿ ವಾಹನ ಸುಮಾರು ಎಪ್ಪತ್ತು ಮೀಟರ್ ಮುಂದೆ ಹೋಗಿರುತ್ತದೆ. ಪೂರ್ತಿ ನಿಲ್ಲುವ ಹೊತ್ತಿಗೆ 180 ಮೀಟರ್. ವೇಗ ಐವತ್ತಿದ್ದರೆ ಅರವತ್ತು ಮೀಟರ್ ಸಾಕು. ವೇಗವನ್ನು ಇಮ್ಮಡಿಸಿದಾಗ ನಿಲ್ಲಲು ಬೇಕಾದ ದೂರ ಮುಮ್ಮಡಿಯಾಗುತ್ತದೆಂಬ ಈ ಗಣಿತವನ್ನು ಬೈಕಿನ ಕೀಲಿ ಕೊಡುವ ಮೊದಲು ಮಕ್ಕಳಿಗೆ ತಿಳಿಸಬೇಕಾದವರು ತಂದೆತಾಯಿಗಳು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನರು ಮಡಿದರು. ಅವರಲ್ಲಿ ದ್ವಿಚಕ್ರ ವಾಹನದವರೇ ಹೆಚ್ಚು.

ಹೆದ್ದಾರಿಯ ಪಕ್ಕದ ಹಳ್ಳಿಗಳಲ್ಲಿ ಅರ್ಧ ಕಿಲೋಮೀಟರ್ ಬಳಸಲು ಬೇಸರಪಟ್ಟು ಎದುರು ದಿಕ್ಕಿನಲ್ಲಿ ಬರುವ ಬೈಕುಗಳನ್ನೂ, ಹಿಂದೆ ದೀಪವಾಗಲಿ ಕೆಂಪು ಪಟ್ಟಿಯಾಗಲಿ ಇಲ್ಲದ ಟ್ರ್ಯಾಕ್ಟರುಗಳನ್ನೂ ನಾವು ದಾರಿಯುದ್ದಕ್ಕೂ ಕಂಡೆವು. ಇದಕ್ಕೆ ಇಂಜಿನಿಯರರ ಬಳಿ ಮದ್ದಿಲ್ಲ. ಅಪಘಾತವನ್ನು ಕಂಡೂ ಪೋಲೀಸು, ಕೋರ್ಟು ಎಂದು ಅಂಜಿ ಮುಂದೆ ಸಾಗುವವರೂ ಇದ್ದಾರೆ. ಗಾಯಗೊಂಡವರಿಗೆ ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033, ಅಂಬುಲೆನ್ಸಿಗೆ 108. ಈ ಎರಡು ಸಂಖ್ಯೆಗಳು ಪ್ರತಿ ಮನೆಯವರ ನೆನಪಿನಲ್ಲಿರಲಿ.

ಧಾರವಾಡದ ಮುಂದೆ ರಾಣಿ ಚೆನ್ನಮ್ಮನ ಕಿತ್ತೂರನ್ನು ಹಾಯ್ದು ದಾರಿ ಬೆಳಗಾವಿಯನ್ನು ಸೇರುತ್ತದೆ. ರಸ್ತೆ ಸ್ಥಾವರ, ಅದರ ಮೇಲೆ ನಡೆದಾಡುವ ಜನಜೀವನ ಜಂಗಮ. ಸ್ಥಾವರವನ್ನು ಗಟ್ಟಿಯಾಗಿ ಕಟ್ಟುವುದು ಸರಕಾರದ, ಇಂಜಿನಿಯರರ, ಸುಡುವ ಡಾಂಬರಿನ ಬಳಿ ಬೆವರು ಸುರಿಸುವ ಶ್ರಮಿಕರ ಕಾಯಕ. ಜಂಗಮವನ್ನು ಕಾಯುವುದು ನಮ್ಮೆಲ್ಲರ ಕಾಯಕ. ಹೊರಟವರು ಮನೆಗೆ ಸುಖವಾಗಿ ಮರಳಿದಾಗಲೇ ರಸ್ತೆ ಕಟ್ಟಿದ ಶ್ರಮ ಸಾರ್ಥಕ.