ಪೆಟ್ಟಿಗೆಯೊಳಗಿನ ಮ್ಯೂಸಿಯಂ

ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ಪುಸ್ತಕಗಳನ್ನು ಓದಬೇಕಾದರೆ ಮೊದಲು ಮೇಜನ್ನು ಖಾಲಿ ಮಾಡಿಕೊಳ್ಳಬೇಕು. ಅವು ಬಿಚ್ಚಿಕೊಳ್ಳುತ್ತವೆ, ಎದ್ದು ನಿಲ್ಲುತ್ತವೆ, ಜಾಗ ಕೇಳುತ್ತವೆ.

ನನಗೆ ಮೊದಲು ಸಿಕ್ಕಿದ್ದು ‘ಸೆಂಟ್ ಎ ಲೆಟರ್’, ಗೆಳತಿಯೊಬ್ಬಳ ಮನೆಯ ಕಪಾಟಿನಲ್ಲಿ. ಬಟ್ಟೆ ಹೊದಿಸಿದ ಪೆಟ್ಟಿಗೆ, ಅದರೊಳಗೆ ಏಳು ಪುಟ್ಟ ಪುಸ್ತಕಗಳು. ಒಂದೊಂದೂ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಹಿಗ್ಗುತ್ತದೆ. ಎಳೆದು ನಿಲ್ಲಿಸಿದರೆ ಕಪ್ಪುಬಿಳುಪು ಚಿತ್ರಗಳ ಒಂದು ಪ್ರದರ್ಶನವೇ ಸಿದ್ಧ. ಗೆಳೆಯರ ಜೊತೆ ತಿರುಗಾಡಿದಾಗ ತೆಗೆದ ಚಿತ್ರಗಳನ್ನು ದಯಾನಿತಾ ಹೀಗೆ ಪುಸ್ತಕವಾಗಿಸಿ, ಒಂದು ಪ್ರತಿಯನ್ನು ಅವರಿಗೆ ಕಳಿಸಿ, ಇನ್ನೊಂದನ್ನು ತಾವು ಇಟ್ಟುಕೊಳ್ಳುತ್ತಿದ್ದರು. ವಾರಾಣಸಿ, ಅಲಹಾಬಾದ್, ಪದ್ಮನಾಭಪುರಂ ಹೀಗೆಯೇ ಪುಸ್ತಕಗಳಾದವು. ಏಳರಲ್ಲಿ ಒಂದು ಅವರ ತಾಯಿ ನೋನಿ ಸಿಂಗ್ ತೆಗೆದ ಚಿತ್ರಗಳದ್ದು. 2008ರಲ್ಲಿ ಜರ್ಮನಿಯ ಸ್ಟೈಡಲ್ ಪ್ರಕಾಶನ ಈ ಖಾಸಗಿ ಪತ್ರಗಳನ್ನು ಎಲ್ಲರಿಗೂ ತಲುಪಿಸಿತು. ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಒಡವೆ ಅಂಗಡಿಯೊಂದರ ಗಾಜಿನ ಕಿಟಕಿಯಲ್ಲೂ ಅವು ನಿಂತವು. ಬಳೆ ನೋಡಲು ಬಂದವರು ಕಲೆಯನ್ನೂ ನೋಡಿದರು.

ಈ ಮಡಿಕೆ ನಮ್ಮ ನಾಡಿಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಹೀಗೆಯೇ ಮಡಿಸಿ, ಬಳಪದಲ್ಲಿ ಬರೆದ ಕಡತಗಳು ಶೃಂಗೇರಿ ಮಠದಲ್ಲಿ ಇವೆ. ದಯಾನಿತಾ ಅವರಿಗೂ ಹಳೆಯ ದಾಖಲೆಗಳೆಂದರೆ ಜೀವ. 2013ರ ‘ಫೈಲ್ ರೂಮ್’ ಪುಸ್ತಕದ ತುಂಬ ದಾಖಲೆ ಕೋಣೆಗಳೇ: ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಸೂರು ಮುಟ್ಟುವ ಕಪಾಟುಗಳು, ಅವುಗಳ ನಡುವೆ ಅದನ್ನೆಲ್ಲ ಕಾಯುವ ಸಿಬ್ಬಂದಿ. ಧೂಳು ಹಿಡಿದ ಕಾಗದಕ್ಕೆ ಇಷ್ಟು ಗೌರವ ಕೊಟ್ಟ ಕ್ಯಾಮೆರಾವನ್ನು ನಾನು ಬೇರೆ ಕಂಡಿಲ್ಲ.

1961ರಲ್ಲಿ ದೆಹಲಿಯಲ್ಲಿ ಹುಟ್ಟಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ದಯಾನಿತಾ, ಆರು ಚಳಿಗಾಲ ತಬಲಾ ವಾದಕ ಜಾಕಿರ್ ಹುಸೇನರ ಜೊತೆ ಊರೂರು ತಿರುಗಿದರು. ಅವರ ಮೊದಲ ಪುಸ್ತಕ ‘ಜಾಕಿರ್ ಹುಸೇನ್’ 1986ರಲ್ಲಿ ಬಂತು. ಒಂದೇ ತಾಳವನ್ನು ಬಗೆಬಗೆಯಾಗಿ ಬಿಡಿಸುವ ಗುಣ ಅವರ ಮುಂದಿನ ಕೆಲಸದಲ್ಲೆಲ್ಲ ನನಗೆ ಕಾಣುತ್ತದೆ. ಒಂದೇ ಚಿತ್ರ ಒಂದು ಪುಸ್ತಕದಲ್ಲಿ ಒಂಟಿತನವಾಗುತ್ತದೆ, ಮತ್ತೊಂದರಲ್ಲಿ ಪಕ್ಕದ ಚಿತ್ರ ಬದಲಾದ ಮಾತ್ರಕ್ಕೆ ನೆಮ್ಮದಿಯಾಗುತ್ತದೆ.

ಪ್ರದರ್ಶನಗಳಲ್ಲೂ ಅವರು ಚಿತ್ರಗಳನ್ನು ಗೋಡೆಗೆ ಮೊಳೆ ಹೊಡೆದು ಮರೆತುಬಿಡುವುದಿಲ್ಲ. ಆಳೆತ್ತರದ ತೇಗದ ಮಡಿಚು ಚೌಕಟ್ಟುಗಳನ್ನು ಮಾಡಿಸಿ ಅವಕ್ಕೆ ಮ್ಯೂಸಿಯಂ ಎಂದೇ ಹೆಸರಿಟ್ಟರು. ಅವುಗಳ ಬಾಗಿಲು ತೆರೆಯಬಹುದು, ಮುಚ್ಚಬಹುದು, ಚಿತ್ರಗಳ ಜಾಗ ಬದಲಿಸಬಹುದು. 2013ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ಅವು ನಿಂತವು, ಮುಂದೆ ದೆಹಲಿಯ ಕಿರಣ್ ನಾಡರ್ ಮ್ಯೂಸಿಯಮ್ಮಿಗೂ ಬಂದವು.

ಆ ದೊಡ್ಡ ಚೌಕಟ್ಟುಗಳು 2017ರ ‘ಮ್ಯೂಸಿಯಂ ಭವನ್’ನಲ್ಲಿ ಮತ್ತೆ ಅಂಗೈಗೆ ಬಂದವು: ಒಂದು ಪೆಟ್ಟಿಗೆ, ಒಂಬತ್ತು ಮಡಿಕೆ ಪುಸ್ತಕ, ಜೊತೆಗೆ ಮಾತುಕತೆಯ ಒಂದು ಪುಸ್ತಕ. ಆ ವರ್ಷ ಪ್ಯಾರಿಸ್ ಫೋಟೋ ಮತ್ತು ಅಪರ್ಚರ್ ಫೌಂಡೇಶನ್ ಕೊಡುವ ಅತ್ಯುತ್ತಮ ಛಾಯಾಚಿತ್ರ ಪುಸ್ತಕ ಪ್ರಶಸ್ತಿ ಇದಕ್ಕೇ ಸಂದಿತು. 2022ರಲ್ಲಿ ಅವರಿಗೆ ಹ್ಯಾಸಲ್‌ಬ್ಲಾಡ್ ಪ್ರಶಸ್ತಿಯೂ ಬಂತು.

ಪ್ರಶಸ್ತಿಗಿಂತ ದೊಡ್ಡದು ಅವರು ನೋಡುಗರಲ್ಲಿ ಇಟ್ಟ ನಂಬಿಕೆ. ಯಾವ ಚಿತ್ರ ಮುಂದೆ, ಯಾವುದು ಹಿಂದೆ, ಯಾವ ಎರಡು ಅಕ್ಕಪಕ್ಕ ಎಂಬುದನ್ನು ಪೆಟ್ಟಿಗೆ ತೆರೆದವರೇ ತೀರ್ಮಾನಿಸುತ್ತಾರೆ. ಗ್ಯಾಲರಿಯ ಮುಖ ಕಾಣದ ಊರಿನವರೂ ತಮ್ಮ ಪಡಸಾಲೆಯಲ್ಲಿ ಪ್ರದರ್ಶನ ಹೂಡಬಹುದು.

ಆದ್ದರಿಂದ ನಮ್ಮ ಜಿಲ್ಲಾ ಗ್ರಂಥಾಲಯಗಳಲ್ಲಿ ನನ್ನದೊಂದು ಕೋರಿಕೆ. ಇಂಥ ಒಂದು ಪುಸ್ತಕವನ್ನಾದರೂ ತರಿಸಿ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮೇಜಿನ ಮೇಲೆ ಬಿಚ್ಚಿಡಿ, ಮಕ್ಕಳು ಮುಟ್ಟಲಿ.