‘ಅದೇ ಜಾಗ’ ಅಂದರೆ ಯಾವ ಜಾಗ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲು ಇಳಿಯುವ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿತ. ನಡೆಯುವವನಿಗೆ ಅದು ಏನೂ ಅಲ್ಲ. ಸರಕು ತುಂಬಿದ ಗಾಡಿಗೆ ಮಾತ್ರ ಭಾರಿ ಇಳಿಜಾರು. ಬ್ರೇಕ್ ಹಾಕಿದ ಕೂಡಲೇ ನಿಲ್ಲುವ ಮಾತಿಲ್ಲ. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದ ಮೇಲೆ ನನ್ನ ಚಿಕ್ಕಪ್ಪ ಆ ಘಟ್ಟದ ನಡುವಿನ ಒಂದು ಸ್ಟೇಷನ್ನಿಗೆ ಮಾಸ್ತರರಾಗಿ ಬಂದರು. ಒಂದು ಮಳೆಗಾಲದಲ್ಲಿ ನಾನು ಅವರ ಜೊತೆಗಿದ್ದಾಗ ನಡೆದದ್ದು ಇದು.

ಹಿಂದಿನ ದಿನವೇ ಕೆಳಗಡೆ ಒಂದು ಕಡೆ ಮಣ್ಣು ಜಾರಿತ್ತು. ಇಂಥಾ ಹೊತ್ತಿನಲ್ಲಿ ಡ್ರೈವರಿಗೂ ಗಾರ್ಡಿಗೂ ‘ಕಾಷನ್ ಆರ್ಡರ್’ ಬರೆದು ಕೊಡಬೇಕು. ಎಷ್ಟನೇ ಕಿಲೋಮೀಟರ್, ಯಾವ ಕಂಬದಿಂದ ಯಾವ ಕಂಬದವರೆಗೆ, ಎಷ್ಟು ವೇಗ, ಏನು ಕಾರಣ, ಎಲ್ಲವೂ ಅದರಲ್ಲಿರಬೇಕು.

ರಾತ್ರಿ ಗೂಡ್ಸ್ ಗಾಡಿ ಬಂದು ನಿಂತಿತ್ತು. ಕೆಳಗಿನ ಸ್ಟೇಷನ್ನಿನಿಂದ ಫೋನ್ ಬಂತು. ತಗಡಿನ ಮೇಲೆ ಮಳೆಯ ಸದ್ದು, ತಂತಿಯಲ್ಲಿ ಗೊರಗೊರ. ಆ ಕಡೆಯ ಹುಡುಗ ಕೆಲಸಕ್ಕೆ ಹೊಸಬ. “ಮತ್ತೆ ಮಣ್ಣು ಬಿದ್ದಿದೆ ಸಾರ್. ನಿನ್ನೆಯ ಜಾಗವೇ. ಅದೇ ಆರ್ಡರ್ ಕೊಟ್ಟುಬಿಡಿ.”

ಚಿಕ್ಕಪ್ಪ ಪೆನ್ನು ಎತ್ತಲಿಲ್ಲ. “ನಿನ್ನೇದು ಬಿಡಪ್ಪ. ಗ್ಯಾಂಗ್‌ನವರು ಕೊಟ್ಟ ಚೀಟಿ ನೋಡಿಕೊಂಡು, ಕಿಲೋಮೀಟರು, ಕಂಬ ಒಂದೊಂದೇ ಅಂಕಿ ಓದು.”

“ಅದೇ ಜಾಗ ಅಂತ ಹೇಳಿದೆನಲ್ಲ ಸಾರ್. ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ. ಈ ತಂತಿಯ ಮೇಲಿಲ್ಲ. ಓದು.”

ಆತ ಓದತೊಡಗಿದ, ನಡುವೆ ನಿಲ್ಲಿಸಿದ. ಮತ್ತೆ ಮೊದಲಿನಿಂದ ಓದುವಾಗ ದನಿ ಬದಲಾಗಿತ್ತು. ನಿನ್ನೆ ಮಣ್ಣು ಜಾರಿದ್ದು ಸುರಂಗಕ್ಕೆ ಮೊದಲು, ದೂರದಿಂದಲೇ ಕಾಣುವ ಕಡೆ. ಇಂದು ಬಿದ್ದದ್ದು ಅದೇ ಸುರಂಗದ ಆಚೆ, ಬಾಯಿ ದಾಟಿದ ಕೂಡಲೇ ಬರುವ ತಿರುವಿನಲ್ಲಿ.

ಹಳೆಯ ಆರ್ಡರನ್ನೇ ಕೊಟ್ಟಿದ್ದರೆ? ಡ್ರೈವರ್ ಸುರಂಗಕ್ಕೆ ಮೊದಲು ನಿಧಾನ ಮಾಡಿ, ಹಳಿ ಸರಿಯಿರುವುದನ್ನು ಕಂಡು, ನಿಶ್ಚಿಂತೆಯಿಂದ ಮತ್ತೆ ವೇಗ ಹಿಡಿಯುತ್ತಿದ್ದ. ಆಚೆ ಗ್ಯಾಂಗ್‌ಮನ್ ಕೆಂಪು ದೀಪ ಹಿಡಿದು ನಿಂತಿರುತ್ತಾನೆ, ನಿಜ. ಘಟ್ಟದ ಮಂಜಿನಲ್ಲಿ, ಆ ತಿರುವಿನಲ್ಲಿ, ಆ ದೀಪ ಕಂಡ ಮೇಲೆ ಗಾಡಿ ನಿಲ್ಲಲು ಜಾಗ ಎಷ್ಟು ಉಳಿದಿರುತ್ತಿತ್ತು?

ಚಿಕ್ಕಪ್ಪ ಅಂಕಿಗಳನ್ನು ಬರೆದುಕೊಂಡರು, ಬರೆದದ್ದನ್ನು ತಿರುಗಿ ಓದಿ ಹೇಳಿದರು. “ಸರಿ ಸಾರ್” ಎಂದು ಆತ ಒಪ್ಪಿ ಪ್ರೈವೇಟ್ ನಂಬರ್ ಕೊಟ್ಟ. ಮುದ್ರಿಸಿದ ಹಾಳೆಯಲ್ಲಿ ಕ್ರಮವಿಲ್ಲದೆ ಇರುವ ಅಂಕಿಗಳು ಅವು. ಒಂದನ್ನು ಬಳಸಿದ ಕೂಡಲೇ ಹೊಡೆದುಹಾಕಬೇಕು. ಇಂಥ ಮಾತು ಇಂಥವರಿಂದಲೇ ಬಂತು ಎನ್ನುವುದಕ್ಕೆ ಅದೇ ಸಾಕ್ಷಿ. ಚಿಕ್ಕಪ್ಪನ ಪುಸ್ತಕದಲ್ಲಿ ಆ ನಂಬರೂ ವೇಳೆಯೂ ದಾಖಲಾದವು. ಡ್ರೈವರ್ ಹೊಸ ಆರ್ಡರನ್ನು ಲಾಟೀನಿನ ಬೆಳಕಿನಲ್ಲಿ ಗಟ್ಟಿಯಾಗಿ ಓದಿ ಸಹಿ ಮಾಡಿದ. ಆಮೇಲೆಯೇ ಗಾಡಿ ಹೊರಟಿತು. ಅದು ಕೆಳಗೆ ತಲುಪಿದ ಸುದ್ದಿ ಬರುವವರೆಗೆ ಚಿಕ್ಕಪ್ಪ ಕುರ್ಚಿ ಬಿಟ್ಟೇಳಲಿಲ್ಲ.

ಆ ಹುಡುಗ ಸುಳ್ಳು ಹೇಳಿರಲಿಲ್ಲ. ಅವನ ಮನಸ್ಸಿನಲ್ಲಿ ಅದು ‘ಅದೇ ಸುರಂಗದ ಹತ್ತಿರ’. ಕೇಳುವವನ ಮುಂದಿರುವುದು ಬೇರೆ ಚಿತ್ರ ಎಂಬುದು ಹೇಳುವವನಿಗೆ ಹೊಳೆಯುವುದೇ ಇಲ್ಲ. ಇಂದಿನ ಕಚೇರಿಗಳಲ್ಲೂ ‘ಮೊನ್ನೆ ಹೇಳಿದ ಹಾಗೆ’, ‘ಅದೇ ಫೈಲು’, ‘ನಾಳೆ ಬೆಳಿಗ್ಗೆ’ ಎಂಬ ಮಾತುಗಳು ದಿನವಿಡೀ ಓಡಾಡುತ್ತವೆ. ಯಾವ ಫೈಲು, ಎಷ್ಟು ಗಂಟೆಗೆ, ಯಾರ ಕೈಗೆ ಎಂದು ಬಿಡಿಸಿ ಹೇಳಲು ಅರ್ಧ ನಿಮಿಷ ಸಾಕು. ಕೇಳಿದವರು ತಿರುಗಿ ಹೇಳಿ ಒಪ್ಪಿಸಲು ಇನ್ನರ್ಧ. ತಿರುಗಿ ಕೇಳಿದರೆ ಎದುರಿನವರಿಗೆ ಅವಮಾನ ಎಂದು ಸಂಕೋಚಪಡುವ ಕಿರಿಯರಿಗೆ ನಾನು ಹೇಳುವುದು ಇಷ್ಟೇ: ಕೇಳಿ. ನಿಮ್ಮ ಮಾತನ್ನು ನೆಚ್ಚಿ ಇಳಿಜಾರಿಗೆ ಹೊರಡುವವನು ಬೇರೆ ಯಾರೋ ಇರುತ್ತಾನೆ.