ಅಜ್ಜನ ಮಡಿಲೂ ಗಾಳಿಚೀಲವೂ

ವಿಟ್ಲದಲ್ಲಿ ಬಂಧುಗಳೊಬ್ಬರ ಮನೆಯ ಮದುವೆಯೂಟ ಮುಗಿಸಿ ಬದಿಯಡ್ಕಕ್ಕೆ ಹೊರಡುವ ಹೊತ್ತಿನಲ್ಲಿ ನನಗೂ ನನ್ನ ಅಳಿಯಂದಿರಿಗೂ ಒಂದು ಸಣ್ಣ ವಾಗ್ವಾದ ನಡೆಯಿತು. ಕಾರು ಅವರದು, ನಡೆಸುವವರೂ ಅವರೇ. ನಾನು ಹಿರಿಯನೆಂಬ ಕಾರಣಕ್ಕೆ ಮುಂದಿನ ಆಸನ ನನ್ನದು. ನಾಲ್ಕು ವರ್ಷದ ಮೊಮ್ಮಗಳು ಓಡಿಬಂದು ನನ್ನ ಮಡಿಲೇರಿ ಕುಳಿತಳು.

“ಮಾವ, ಮಗು ಹಿಂದೆ ಅವಳ ಸೀಟಿನಲ್ಲಿಯೇ ಕೂರಲಿ. ಮುಂದೆ ಏರ್‌ಬ್ಯಾಗ್ ಇದೆ” ಎಂದರು ಅಳಿಯ.

“ಇದ್ದರೆ ಒಳ್ಳೆಯದೇ ಆಯಿತಲ್ಲ? ಗಾಳಿ ತುಂಬಿದ ದಿಂಬಿಗೆ ಮಗು ಹೆದರಬೇಕೆ?” ಎಂದೆ ನಾನು.

“ಅದು ದಿಂಬಲ್ಲ ಮಾವ, ಸಿಡಿಯುವಂಥದ್ದು. ದಯವಿಟ್ಟು ಮಗುವನ್ನು ಹಿಂದಕ್ಕೆ ಕೊಡಿ.”

ಕೊಟ್ಟೆ, ಆದರೆ ಮನಸ್ಸು ಮುದುಡಿತು. ನಮ್ಮ ಗಡಿನಾಡಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಜಡತ್ವವೆಂದರೇನು, ಸಂವೇಗವೆಂದರೇನು ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿಲ್ಲ! ಮೊಮ್ಮಗಳನ್ನು ಹಿಡಿದುಕೊಳ್ಳಲು ನನಗೆ ಗೊತ್ತಿಲ್ಲವೆ? ಅವಳಿಗೆಂದು ತಂದ ಆ ವಿಶೇಷ ಆಸನದ ಬೆಲೆ ಕೇಳಿ, ‘ತೊಟ್ಟಿಲಿಗೂ ನಾವು ಇಷ್ಟು ಕೊಟ್ಟಿರಲಿಲ್ಲ’ ಎಂದು ಹಿಂದೊಮ್ಮೆ ನಕ್ಕವನೂ ನಾನೇ. ಹಿಂದಿನಿಂದ ಮಗುವಿನ ಅಳು ಕೇಳುತ್ತಿತ್ತು. ನಾನು ಮಾತಾಡದೆ ಬೆಲ್ಟ್ ಬಿಗಿದುಕೊಂಡೆ. ಅದೂ ಸುರಕ್ಷೆಯ ಯೋಚನೆಯಿಂದಲ್ಲ. ಗಡಿ ದಾಟಿದರೆ ಕೇರಳದ ಕ್ಯಾಮೆರಾಗಳು ದಂಡದ ಚೀಟಿ ಕಳುಹಿಸುತ್ತವೆಂಬ ಭಯದಿಂದ.

ಅಡ್ಕಸ್ಥಳ ದಾಟಿ ಪೆರ್ಲದತ್ತ ಬರುತ್ತಿದ್ದೆವು. ತಿರುವಿನಲ್ಲಿ ದನವೊಂದು ಥಟ್ಟನೆ ರಸ್ತೆಗಿಳಿಯಿತು. ಅಳಿಯ ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿದರು. ವೇಗ ಹೆಚ್ಚೇನೂ ಇರಲಿಲ್ಲ. ಆದರೂ ಕಾರು ರಸ್ತೆಯಂಚಿನ ಮುರಕಲ್ಲಿನ ಕಟ್ಟೆಗೆ ನೇರವಾಗಿ ಹೊಡೆಯಿತು. ಕದಿನ ಸಿಡಿದಂಥ ಸದ್ದು. ಬಿಳಿಯ ಹೊಗೆಯಂಥ ಪುಡಿ, ಸುಟ್ಟ ವಾಸನೆ. ಕಣ್ಣು ಬಿಟ್ಟಾಗ ನನ್ನ ಮುಂದೆ ಬಸವಳಿದ ಬಟ್ಟೆಯ ಚೀಲವೊಂದು ಜೋಲುತ್ತಿತ್ತು. ಕನ್ನಡಕ ಮುರಿದಿತ್ತು, ಮುಂಗೈಗಳ ಚರ್ಮ ತರಚಿ ಉರಿಯುತ್ತಿತ್ತು, ಎದೆ ನೋಯುತ್ತಿತ್ತು. ಹಿಂದೆ ಮಗು ಅಳುತ್ತಿದ್ದಳು. ಆ ಅಳುವಿನಷ್ಟು ಇಂಪಾದ ದನಿಯನ್ನು ನಾನು ಬೇರೆ ಕೇಳಿಲ್ಲ. ಅವಳಿಗೆ ಒಂದು ಗೀರೂ ಆಗಿರಲಿಲ್ಲ.

ಆ ರಾತ್ರಿ ಮಲಗಿದಾಗ ನನ್ನ ಕೈ ತಾನಾಗಿ ಎದೆಯ ಮೇಲಿನ ಕಂದಿದ ಜಾಗಕ್ಕೆ ಹೋಯಿತು. ಚೀಲ ಬಂದು ಬಡಿದದ್ದು ಅಲ್ಲಿಯೇ. ಮಡಿಲಲ್ಲಿ ಕುಳಿತ ಮೊಮ್ಮಗಳ ತಲೆ ಇರುತ್ತಿದ್ದುದೂ ಅಲ್ಲಿಯೇ.

ನೋವು ಇಳಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದೆ. ಕಾರಿನ ಕೈಪಿಡಿಯನ್ನು ಓದಿದೆ. ಅಳಿಯಂದಿರನ್ನು ಕೇಳಿ ತಿಳಿದುಕೊಂಡೆ. ನಾವು ‘ಗಾಳಿಚೀಲ’ ಎನ್ನುವ ವಸ್ತುವಿನಲ್ಲಿ ಮೊದಲು ಗಾಳಿಯೇ ಇರುವುದಿಲ್ಲ. ಸ್ಟಿಯರಿಂಗ್ ಚಕ್ರದ ನಡುವೆಯೂ ಎದುರಿನ ಡ್ಯಾಶ್‌ಬೋರ್ಡಿನೊಳಗೂ ನೈಲಾನ್ ಬಟ್ಟೆಯ ಚೀಲ ಮಡಚಿ ಕುಳಿತಿರುತ್ತದೆ. ಕಾರಿನ ವೇಗ ಹಠಾತ್ತನೆ ಕುಸಿದುದನ್ನು ಸಂವೇದಕಗಳು ಗ್ರಹಿಸಿ, ಒಂದು ಪುಟ್ಟ ಗಣಕಕ್ಕೆ ತಿಳಿಸುತ್ತವೆ. ಅದು ಕಳುಹಿಸಿದ ವಿದ್ಯುತ್ತು ಒಂದು ರಾಸಾಯನಿಕಕ್ಕೆ ಕಿಡಿ ಹಚ್ಚುತ್ತದೆ. ಹಿಂದೆ ಸೋಡಿಯಂ ಅಜೈಡ್ ಎಂಬ ಸಂಯುಕ್ತವನ್ನು ಬಳಸುತ್ತಿದ್ದರು. ಅದು ವಿಷಕಾರಿಯಾದುದರಿಂದ ಈಗ ಬಹುಮಟ್ಟಿಗೆ ಬೇರೆ ವಸ್ತುಗಳು ಬಂದಿವೆ. ಅದು ಉರಿದು ಹೊಮ್ಮಿದ ಅನಿಲ ಚೀಲವನ್ನು ಉಬ್ಬಿಸುತ್ತದೆ. ಇಷ್ಟೆಲ್ಲ ಮುಗಿಯಲು ಬೇಕಾದುದು ಒಂದು ಸೆಕೆಂಡಿನ ಸುಮಾರು ಇಪ್ಪತ್ತನೆಯ ಒಂದು ಪಾಲು ಮಾತ್ರ; ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಚೀಲ ಹೊರನುಗ್ಗುವ ವೇಗ ಗಂಟೆಗೆ 300 ಕಿಲೋಮೀಟರಿನವರೆಗೂ ಇರಬಹುದು. ಉಬ್ಬಿದೊಡನೆ ಹಿಂಬದಿಯ ರಂಧ್ರಗಳಿಂದ ಅನಿಲ ಹೊರಹೋಗಿ ಚೀಲ ಮೆತ್ತಗಾಗುತ್ತದೆ. ನಮ್ಮ ದೇಹ ಅದನ್ನು ಮುಟ್ಟಬೇಕಾದುದು ಆ ಮೆತ್ತಗಾಗುವ ಗಳಿಗೆಯಲ್ಲಿ. ನುಗ್ಗಿ ಬರುವ ಗಳಿಗೆಯಲ್ಲಲ್ಲ. ಬೆಲ್ಟ್ ನಮ್ಮನ್ನು ಹಿಂದೆ ಹಿಡಿದಿಟ್ಟು ಆ ಅಂತರವನ್ನು ಕಾಯುತ್ತದೆ. ಬೆಲ್ಟ್ ಇಲ್ಲದವನು ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಜಾರಿ, ಸಿಡಿಯುತ್ತಿರುವ ಚೀಲಕ್ಕೆ ತಾನಾಗಿ ಮುಖವೊಡ್ಡುತ್ತಾನೆ. ಗಾಳಿಚೀಲ ಬೆಲ್ಟಿನ ಸಹಾಯಕನೇ ಹೊರತು ಅದರ ಬದಲಿಯಲ್ಲ.

ಇನ್ನು ಮಡಿಲ ಲೆಕ್ಕ. 10 ಕಿಲೋ ತೂಕದ ಕೂಸೊಂದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆಯೆನ್ನಿ. ಅದನ್ನು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಲ್ಲಿಸಬೇಕಾದರೆ ಬೇಕಾಗುವ ಬಲ ಸುಮಾರು 1,100 ನ್ಯೂಟನ್. ಅಂದರೆ 50 ಕಿಲೋದ ಎರಡು ಅಕ್ಕಿಮೂಟೆಗಳ ಭಾರಕ್ಕಿಂತಲೂ ಹೆಚ್ಚು. ಅದನ್ನು ತಡೆಯುವ ಶಕ್ತಿ ಯಾವ ಅಜ್ಜನ ತೋಳಿಗಿದೆ? ಒಂಬತ್ತನೆಯ ತರಗತಿಯ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬಿಡಿಸಿದ್ದೇನೆ. ಮನೆಗೆ ಮಾತ್ರ ಒಮ್ಮೆಯೂ ತಂದಿರಲಿಲ್ಲ.

ಓದುತ್ತ ಹೋದಾಗ ಒಂದು ಸಂಗತಿ ನನ್ನನ್ನು ತುಂಬ ಕಲಕಿತು. ಗಾಳಿಚೀಲಕ್ಕೆ ಮೊದಲು ಹಕ್ಕುಪತ್ರ ಪಡೆದವರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಒಬ್ಬರು. 1952ರಲ್ಲಿ ಅವರು ಹೆಂಡತಿ ಮತ್ತು ಏಳು ವರ್ಷದ ಮಗಳೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ ರಸ್ತೆಯಲ್ಲಿ ಬಂಡೆಯೊಂದು ಎದುರಾಯಿತು. ಕಾರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿದ ಆ ಕ್ಷಣದಲ್ಲಿ, ಮಗಳು ಮುಂದಕ್ಕೆ ಬಡಿಯದಿರಲೆಂದು ಗಂಡಹೆಂಡಿರಿಬ್ಬರೂ ಕೈ ಚಾಚಿದರಂತೆ. ಆ ಕೈಯ ಕೆಲಸವನ್ನು ಮಾಡುವ ಸಾಧನವೊಂದು ಬೇಡವೆ ಎಂಬ ಯೋಚನೆ ಅಲ್ಲಿ ಹುಟ್ಟಿತು. ಮರುವರ್ಷ ಹಕ್ಕುಪತ್ರವೂ ದೊರೆಯಿತು. ಮಗುವಿಗಾಗಿ ಚಾಚಿದ ಕೈಯಿಂದ ಹುಟ್ಟಿದ ವಸ್ತುವದು. ಆದರೂ 1990ರ ದಶಕದಲ್ಲಿ ಅದೇ ಅಮೆರಿಕದಲ್ಲಿ, ಮುಂದಿನ ಆಸನದಲ್ಲಿದ್ದ ಅನೇಕ ಮಕ್ಕಳು ಗಾಳಿಚೀಲದ ಹೊಡೆತದಿಂದಲೇ ಸತ್ತರು. ಅವರಲ್ಲಿ ಹೆಚ್ಚಿನವರಿಗೆ ಬೆಲ್ಟ್ ಸರಿಯಾಗಿ ಇರಲಿಲ್ಲ. ಆಮೇಲೆ ಚೀಲದ ಬಿರುಸನ್ನು ತಗ್ಗಿಸಿದರು. ಮಕ್ಕಳನ್ನು ಹಿಂದೆ ಕೂರಿಸಿರೆಂದು ಮನೆಮನೆಗೆ ಹೇಳಿದರು. ದೂರದ ಮಾತೇಕೆ? 2024ರಲ್ಲಿ ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ, ಮುಂದಿನ ಆಸನದಲ್ಲಿ ತಾಯಿಯ ಮಡಿಲಲ್ಲಿದ್ದ ಪುಟ್ಟ ಮಗುವೊಂದು ಹೀಗೆಯೇ ತೀರಿಕೊಂಡಿತು. ಆ ಸುದ್ದಿಯನ್ನು ನಾನು ಆಗ ಓದಿದ್ದೆ, ಮರುಗಿದ್ದೆ, ಪುಟ ತಿರುವಿದ್ದೆ.

ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ 2019ರ ಜುಲೈಯಿಂದ ಚಾಲಕನೆದುರಿನ ಗಾಳಿಚೀಲವೂ, 2021ರಲ್ಲಿ ಪಕ್ಕದ ಆಸನದೆದುರಿನದೂ ಕಡ್ಡಾಯವಾದವು. ಚೀಲ ಬಂತು, ತಿಳಿವಳಿಕೆ ಜತೆಗೆ ಬರಲಿಲ್ಲ. ನಮ್ಮ ಕಾರಿನ ಬಿಸಿಲುಮರೆಯ ಮೇಲೆ ಮಗುವಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಎಚ್ಚರಿಕೆಯಿದೆ; ಬರಹ ಇಂಗ್ಲಿಷಿನಲ್ಲಿ. ನನ್ನ ಹೆಂಡತಿ ಅದನ್ನು ಕಂಪನಿಯ ಗುರುತೆಂದೇ ತಿಳಿದಿದ್ದಳು. ಕನ್ನಡದಲ್ಲಿ ಕಲಿಯುವ ಮಕ್ಕಳ ಮನೆಗಳಿಗೆ ಇದನ್ನು ಕನ್ನಡದಲ್ಲಿಯೇ ಹೇಳಬೇಕಾದುದು ನಮ್ಮಂಥ ಮೇಷ್ಟ್ರುಗಳ ಕೆಲಸ. ಆದುದರಿಂದ ತಡವಾಗಿಯಾದರೂ ಹೇಳುತ್ತೇನೆ.

ಹನ್ನೆರಡು ವರ್ಷ ದಾಟದ ಮಕ್ಕಳು ಹಿಂದಿನ ಆಸನದಲ್ಲಿಯೇ ಇರಲಿ. ಚಿಕ್ಕವರು ತಮ್ಮ ಅಳತೆಯ ಆಸನದಲ್ಲಿ, ಬೆಳೆದವರು ಬೆಲ್ಟ್ ಕಟ್ಟಿಕೊಂಡು. ಹಿಂಬದಿಗೆ ಮುಖ ಮಾಡಿದ ಕೂಸಿನ ಆಸನವನ್ನು ಚಾಲೂ ಇರುವ ಗಾಳಿಚೀಲದೆದುರು ಎಂದೂ ಇಡಬಾರದು. ಚಾಲಕನ ಎದೆಗೂ ಸ್ಟಿಯರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್, ಎಂದರೆ ಒಂದು ಗೇಣಿಗಿಂತ ತುಸು ಹೆಚ್ಚು, ಅಂತರವಿರಲಿ. ಕೈಗಳು ಚಕ್ರದ ಎರಡು ಬದಿಗಳಲ್ಲಿರಲಿ. ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬೇಡಿ. ಚೀಲದ ಮುಚ್ಚಳದ ಮೇಲೆ ದೇವರ ವಿಗ್ರಹವನ್ನಾಗಲಿ ಫೋನಿನ ಹಿಡಿಕೆಯನ್ನಾಗಲಿ ಅಂಟಿಸಬೇಡಿ. ಚೀಲ ಸಿಡಿದರೆ ಅದು ಕವಣೆಕಲ್ಲಾದೀತು. ಮುಂಭಾಗಕ್ಕೆ ಶೋಕಿಗಾಗಿ ಕಬ್ಬಿಣದ ಸರಳು ಕಟ್ಟಿಸಿದರೆ ಸಂವೇದಕಗಳು ತಪ್ಪು ತಿಳಿಯಬಹುದು. ಒಮ್ಮೆ ಸಿಡಿದ ಚೀಲ ಮತ್ತೆ ಬಾರದು, ಹೊಸದನ್ನೇ ಹಾಕಿಸಬೇಕು. ಹದಿನಾಲ್ಕರೊಳಗಿನ ಮಗುವನ್ನು ಸುರಕ್ಷಿತವಾಗಿ ಕೂರಿಸದಿದ್ದರೆ 1,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಕಾನೂನು ಹೇಳುತ್ತದೆ. ನನ್ನಂತೆ ದಂಡದ ಭಯದಿಂದಾದರೂ ಸರಿ, ಕಟ್ಟಿದ ಬೆಲ್ಟ್ ಕಾಯುತ್ತದೆ.

ಅಳಿಯಂದಿರ ಕ್ಷಮೆ ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. “ಅಂದು ನೀವು ಹೇಳಿದ್ದೇ ಸರಿ” ಎಂದೆ. ಅವರು ತಲೆ ತಗ್ಗಿಸಿ, “ಮಾವ, ನಿಮ್ಮ ಕನ್ನಡಕ ತಯಾರಾಗಿದೆಯಂತೆ, ಹೋಗಿ ತರೋಣ” ಎಂದರು.

ಕಾರು ದುರಸ್ತಿಯಾಗಿ ಬಂದ ದಿನ ಹೊರಟಾಗ ಮೊಮ್ಮಗಳು ಎಂದಿನಂತೆ ಕೈ ಚಾಚಿದಳು. ನಾನು ಮುಂದಿನ ಆಸನವನ್ನು ಮಗಳಿಗೆ ಬಿಟ್ಟು ಹಿಂದೆ ಹೋಗಿ, ಅವಳ ಆಸನದ ಪಕ್ಕದಲ್ಲಿ ಕುಳಿತು ಬೆಲ್ಟ್ ಕಟ್ಟಿಕೊಂಡೆ. ಮಡಿಲು ಮನೆಯ ಜಗಲಿಯಲ್ಲಿರಲಿ. ಕಾರಿನಲ್ಲಿ ಕೈ ಹಿಡಿದುಕೊಂಡರೆ ಸಾಕು.